ಫಿರಂಗಿ ಶೆಲ್‌ನಲ್ಲಿ ಜಾಮರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಜಾಮರ್ ಶೆಲ್ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದ್ದೆವು. ಇದು ಫಿರಂಗಿಯಿಂದ ಹಾರಿಸುವ ಶೆಲ್ಲೇ, ಆದರೆ ಒಳಗೆ ಸಿಡಿಮದ್ದಿನ ಬದಲು ಸಣ್ಣದೊಂದು ರೇಡಿಯೊ ಟ್ರಾನ್ಸ್‌ಮಿಟರ್ ಇರುತ್ತದೆ. ಅದು ಎದುರಾಳಿ ಪಾಳೆಯದ ಹತ್ತಿರ ಬಿದ್ದು, ಅಲ್ಲಿನ ವೈರ್‌ಲೆಸ್ ಮಾತುಕತೆಯನ್ನು ಗದ್ದಲದಲ್ಲಿ ಮುಳುಗಿಸುತ್ತದೆ. ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟೇ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳು ಅದಕ್ಕಿಂತ ಬಹಳ ಮುಂದೆ ಹೋಗಿವೆ. ಕೆಲವು ಪ್ರಶ್ನೆಗಳು ಯುದ್ಧಭೂಮಿಯವು, ಕೆಲವು ತೋಟದವು. ಎರಡಕ್ಕೂ ಉತ್ತರ ಒಂದೇ ಭೌತಶಾಸ್ತ್ರದಲ್ಲಿದೆ, ಹಾಗಾಗಿ ಬೇರೆ ಮಾಡದೆ ಒಟ್ಟಿಗೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಲಾರಿಯ ಮೇಲೆ ಸಾವಿರ ವ್ಯಾಟಿನ ಜಾಮರ್ ಕೂರಿಸಿ ದೂರದಿಂದಲೇ ಕೆಲಸ ಮುಗಿಸಬಹುದಲ್ಲ? ಶೆಲ್‌ನೊಳಗೆ ತುರುಕಿ ಹಾರಿಸುವ ತಾಪತ್ರಯ ಯಾಕೆ? — ನಿವೃತ್ತ ಶಿಕ್ಷಕರು, ಹಾಸನ

ಜಾಮರ್ ಅಡ್ಡಿಪಡಿಸುವುದು ಮಾತಾಡುವವನನ್ನಲ್ಲ, ಕೇಳುವವನನ್ನು. ಎದುರಾಳಿಯ ಟ್ರಾನ್ಸ್‌ಮಿಟರ್ ಎಷ್ಟೇ ಜೋರಾಗಿ ಕೂಗಲಿ, ಅದಕ್ಕೆ ನಾವು ಏನೂ ಮಾಡಲಾಗದು. ಆ ದನಿ ತಲುಪಬೇಕಾದ ರಿಸೀವರ್‌ನ ಆಂಟೆನಾದಲ್ಲಿ ನಮ್ಮ ಗದ್ದಲ ಅದಕ್ಕಿಂತ ಜೋರಾಗಿದ್ದರೆ ಸಾಕು. ಆದ್ದರಿಂದ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಜಾಮರ್‌ನಿಂದ ರಿಸೀವರ್‌ಗೆ ಇರುವ ದೂರ. ವ್ಯಾಟು ಆಮೇಲಿನ ಮಾತು.

ಲೆಕ್ಕ ಹಾಕಿಯೇ ನೋಡೋಣ. ತೆರವಾದ ಬಾನಿನಲ್ಲಿ ರೇಡಿಯೊ ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ನೆಲಕ್ಕೆ ಅಂಟಿಕೊಂಡು ಸಾಗುವಾಗ ನೇರ ಅಲೆಯೂ ನೆಲಕ್ಕೆ ಬಡಿದು ಬಂದ ಅಲೆಯೂ ಒಂದನ್ನೊಂದು ಕಳೆಯುವುದರಿಂದ, ಸ್ಥೂಲವಾಗಿ ದೂರದ ನಾಲ್ಕನೇ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಹತ್ತು ಪಟ್ಟಾದರೆ ಬಲ ಹತ್ತು ಸಾವಿರದಲ್ಲೊಂದು ಪಾಲು.

ಈಗ 5 ವ್ಯಾಟಿನ ಎರಡು ಸೆಟ್‌ಗಳು 5 ಕಿ.ಮೀ. ಅಂತರದಲ್ಲಿ ಮಾತಾಡುತ್ತಿವೆ ಎನ್ನಿ. ನಮ್ಮ ಲಾರಿ ಕೇಳುವ ಸೆಟ್‌ನಿಂದ 20 ಕಿ.ಮೀ. ದೂರದಲ್ಲಿದೆ, ಅಂದರೆ ನಾಲ್ಕು ಪಟ್ಟು ದೂರ. ನಾಲ್ಕರ ನಾಲ್ಕನೇ ಘಾತ 256. ಅವರ ಬಲಕ್ಕೆ ಬರೀ ಸರಿಸಮ ಆಗಬೇಕಾದರೂ ನಮಗೆ 1280 ವ್ಯಾಟ್ ಬೇಕು. ಅದೂ ಒಂದೇ ಚಾನೆಲ್‌ಗೆ. ಯುದ್ಧಭೂಮಿಯ ವಿ.ಎಚ್.ಎಫ್. (ಅತಿ ಹೆಚ್ಚು ಫ್ರೀಕ್ವೆನ್ಸಿಯ) ಸೆಟ್‌ಗಳು ಕೆಲಸ ಮಾಡುವುದು 30ರಿಂದ 88 ಮೆಗಾಹರ್ಟ್ಜ್ ನಡುವಿನ ಬ್ಯಾಂಡಿನಲ್ಲಿ. 25 ಕಿಲೋಹರ್ಟ್ಜ್‌ಗೆ ಒಂದರಂತೆ ಅಲ್ಲಿ 2320 ಚಾನೆಲ್‌ಗಳಿವೆ. ಯಾವುದರಲ್ಲಿ ಮಾತಾಡುತ್ತಿದ್ದಾರೆಂದು ಗೊತ್ತಿಲ್ಲದೆ ಎಲ್ಲವನ್ನೂ ಮುಚ್ಚಲು ಹೊರಟರೆ ಮೂವತ್ತು ಲಕ್ಷ ವ್ಯಾಟಿನ ಹತ್ತಿರ ಹೋಗುತ್ತದೆ.

ಅದೇ ಜಾಮರ್ ಕೇಳುವ ಸೆಟ್‌ನಿಂದ 500 ಮೀಟರಿನಲ್ಲಿ ಬಿದ್ದಿದೆ ಎನ್ನಿ. ಈಗ ದೂರ ಅವರ 5 ಕಿ.ಮೀ.ನ ಹತ್ತರಲ್ಲೊಂದು, ಬೇಕಾದ ಬಲ ಅವರ 5 ವ್ಯಾಟಿನ ಹತ್ತು ಸಾವಿರದಲ್ಲೊಂದು: ಚಾನೆಲ್‌ಗೆ ಅರ್ಧ ಮಿಲಿವ್ಯಾಟ್. ಕೇವಲ 1 ವ್ಯಾಟನ್ನು 2320 ಚಾನೆಲ್‌ಗೂ ಹಂಚಿದರೆ ಒಂದೊಂದಕ್ಕೆ 0.43 ಮಿಲಿವ್ಯಾಟ್ ಸಿಗುತ್ತದೆ. ಹೆಚ್ಚುಕಡಿಮೆ ಸರಿಸಮ! 300 ಮೀಟರಿಗೆ ಬಂದರೆ ಬೇಕಾಗುವುದು 0.065 ಮಿಲಿವ್ಯಾಟ್, ಇರುವುದು ಅದರ ಆರೂವರೆ ಪಟ್ಟು. ಎಫ್.ಎಂ. ರಿಸೀವರ್‌ಗೆ ಎರಡು ಅಲೆ ಒಟ್ಟಿಗೆ ಬಂದಾಗ ಬಲವಾದದ್ದನ್ನಷ್ಟೇ ಹಿಡಿದು ಇನ್ನೊಂದನ್ನು ಪೂರ್ತಿ ಬಿಟ್ಟುಬಿಡುವ ಗುಣ ಇದೆ, ಆದ್ದರಿಂದ ಆರು ಪಟ್ಟು ಅಂದರೆ ಬಹಳವಾಯಿತು. ಆದರೆ 1 ಕಿ.ಮೀ. ದೂರ ಬಿದ್ದರೆ 8 ಮಿಲಿವ್ಯಾಟ್ ಬೇಕು, ಇರುವುದು ಅದರ ಹದಿನೆಂಟರಲ್ಲೊಂದು ಪಾಲು. ಆಗ ಏನೂ ಪ್ರಯೋಜನವಿಲ್ಲ.

ಈ ಲೆಕ್ಕದಲ್ಲಿ ಎಲ್ಲ ಆಂಟೆನಾಗಳೂ ಒಂದೇ ಎತ್ತರ ಎಂದು ಹಿಡಿದಿದ್ದೇವೆ. ನೆಲಕ್ಕೆ ಬಿದ್ದ ಜಾಮರ್‌ನ ಆಂಟೆನಾ ಅಷ್ಟು ಚೆನ್ನಾಗಿರುವುದಿಲ್ಲ, ಆದ್ದರಿಂದ ನಿಜವಾದ ವೃತ್ತ ಇನ್ನೂ ಚಿಕ್ಕದು. ಒಂದು ಶೆಲ್ ಹಾರಿಸಿ ಸುಮ್ಮನಾಗದೆ ಹಲವು ಶೆಲ್‌ಗಳನ್ನು ಹರಡಿ ಹಾಕಬೇಕಾಗುವುದು ಈ ಕಾರಣಕ್ಕೆ. ಲಾರಿ ಜಾಮರ್‌ಗೂ ಅದರದ್ದೇ ಜಾಗ ಇದೆ. ಹೈದರಾಬಾದಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಡಿ.ಎಲ್.ಆರ್.ಎಲ್. ರೂಪಿಸಿ, ನಮ್ಮ ಬಿ.ಇ.ಎಲ್. ಜೊತೆಗೂಡಿ ಸೇನೆಗೆ ಕೊಟ್ಟ ‘ಸಂಯುಕ್ತ’ ವಾಹನಗಳ ಮೇಲಿನ ವ್ಯವಸ್ಥೆಯೇ. ಅದು ಕೇಳುತ್ತದೆ, ದಿಕ್ಕು ಪತ್ತೆ ಮಾಡುತ್ತದೆ, ಬೇಕಾದ ಚಾನೆಲ್ಲನ್ನೇ ಆರಿಸಿ ಜಾಮ್ ಮಾಡುತ್ತದೆ. ಶೆಲ್‌ಗೆ ಆ ವಿವೇಚನೆ ಇಲ್ಲ, ಅದರ ಬಂಡವಾಳ ಹತ್ತಿರ ಹೋಗಿ ಬೀಳುವುದೊಂದೇ.

ಪ್ರಶ್ನೆ: ಮೊಬೈಲ್ ಕೈಜಾರಿ ಬಿದ್ದರೇ ಕೆಡುತ್ತದೆ. ಫಿರಂಗಿಯಿಂದ ಹೊಡೆದ ಸರ್ಕ್ಯೂಟ್ ಬೋರ್ಡ್ ಉಳಿಯುವುದು ಹೇಗೆ? — ಟಿ.ವಿ. ರಿಪೇರಿ ಕೆಲಸದವರು, ಅರಸೀಕೆರೆ

ಮೊದಲು ಪೆಟ್ಟು ಎಷ್ಟೆಂದು ತಿಳಿಯಬೇಕು. 155 ಮಿ.ಮೀ. ಫಿರಂಗಿಯಲ್ಲಿ ಶೆಲ್ ಸುಮಾರು 5 ಮೀಟರ್ ನಳಿಗೆಯೊಳಗೆ ಓಡಿ ಸೆಕೆಂಡಿಗೆ 827 ಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎನ್ನಿ; 39 ಕ್ಯಾಲಿಬರ್ ನಳಿಗೆಗೆ (ಬಾಯಗಲದ 39 ಪಟ್ಟು ಉದ್ದದ್ದು) ಹೆಚ್ಚು ಮದ್ದು ಹಾಕಿದಾಗಿನ ಮಾತು ಇದು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ: ಸರಾಸರಿ ವೇಗವರ್ಧನೆ ಗುರುತ್ವದ ಸುಮಾರು 7 ಸಾವಿರ ಪಟ್ಟು. ಮದ್ದಿನ ಒತ್ತಡ ಒಂದೇ ಸಮ ಇರುವುದಿಲ್ಲ, ಶುರುವಿನಲ್ಲೇ ಶಿಖರ ಮುಟ್ಟುತ್ತದೆ. ಆಗ ಸರಾಸರಿಯ ಎರಡರಷ್ಟು, ಅಂದರೆ 15 ಸಾವಿರ ಪಟ್ಟಿನ ಹತ್ತಿರ. 10 ಗ್ರಾಂ ತೂಗುವ ಒಂದು ಕಾಯಿಲ್ ಆ ಗಳಿಗೆಯಲ್ಲಿ ಬೋರ್ಡಿನ ಮೇಲೆ 150 ಕಿಲೋ ಭಾರ ಹೇರುತ್ತದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ತಿರುಗುವಿಕೆಯ ಪೆಟ್ಟು ಇದಕ್ಕಿಂತ ಕಡಿಮೆಯದೇನಲ್ಲ. ನಳಿಗೆಯ ಒಳಗಿನ ಸುರುಳಿ ಗೀರುಗಳು ಕ್ಯಾಲಿಬರ್‌ನ 20 ಪಟ್ಟು ಉದ್ದಕ್ಕೆ, ಅಂದರೆ 3.1 ಮೀಟರಿಗೆ, ಒಂದು ಸುತ್ತು ಹಾಕುತ್ತವೆ. 827ನ್ನು 3.1ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 267 ಸುತ್ತು, ನಿಮಿಷಕ್ಕೆ 16 ಸಾವಿರ. ಶೆಲ್‌ನ ನಡುಗೆರೆಯಿಂದ 5 ಸೆಂ.ಮೀ. ಆಚೆ ಇರುವ ಬಿಡಿಭಾಗವನ್ನು ಇದು ಗುರುತ್ವದ 14 ಸಾವಿರ ಪಟ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ. ನಳಿಗೆಯ ಪೆಟ್ಟು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಇದ್ದು ಮುಗಿಯುತ್ತದೆ, ಇದು ಹಾರಾಟದುದ್ದಕ್ಕೂ ಇರುತ್ತದೆ.

ಉಳಿಸುವ ಉಪಾಯಗಳು ನಿಮ್ಮ ಕಸುಬಿನವರಿಗೆ ಸುಲಭವಾಗಿ ಅರ್ಥವಾಗುತ್ತವೆ. ಬೋರ್ಡನ್ನು ಶೆಲ್‌ನ ಉದ್ದಕ್ಕೆ ನಿಲ್ಲಿಸದೆ ಅಡ್ಡಕ್ಕೆ ಮಲಗಿಸುತ್ತಾರೆ, ಬಿಡಿಭಾಗಗಳ ಮುಖ ಮೂತಿಯ ಕಡೆಗೆ. ಆಗ ಫಿರಂಗಿ ಹೊಡೆದಾಗ ಅವು ಬೋರ್ಡಿಗೆ ಒತ್ತಿಕೊಳ್ಳುತ್ತವೆ, ಕಿತ್ತುಬರುವುದಿಲ್ಲ. ಬೋರ್ಡಿನ ಬೆನ್ನಿಗೆ ಗಟ್ಟಿ ಆಸರೆ ಬೇಕು. ಇಲ್ಲದಿದ್ದರೆ ಅದು ಬಾಗಿ, ಸೆರಾಮಿಕ್ ಕೆಪಾಸಿಟರ್‌ಗಳು ಕೂದಲೆಳೆಯಷ್ಟು ಬಿರುಕು ಬಿಡುತ್ತವೆ. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಮೀಟರ್ ಹಿಡಿದಾಗ ಸರಿಯೇ ಇರುತ್ತದೆ, ಹಾರಿಸಿದಾಗ ಕೈಕೊಡುತ್ತದೆ. ಭಾರವಾದವನ್ನು ನಡುಗೆರೆಯ ಸಮೀಪ ಇಡಬೇಕು. ಎತ್ತರದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗೆ ಜಾಗವೇ ಇಲ್ಲ. ಫ್ರೀಕ್ವೆನ್ಸಿಯನ್ನು ಸ್ಥಿರವಾಗಿಡುವ ಕ್ವಾರ್ಟ್ಸ್ ಕ್ರಿಸ್ಟಲ್ ಒಳಗಿನ ತೆಳು ಬಿಲ್ಲೆ ಒಡೆಯುತ್ತದೆ, ಒಡೆಯದಿದ್ದರೂ ಫ್ರೀಕ್ವೆನ್ಸಿ ಜರಗುತ್ತದೆ. ಕೊನೆಗೆ ಎಲ್ಲವನ್ನೂ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಎರೆದು ಮುಚ್ಚುತ್ತಾರೆ. ಇದರಲ್ಲೂ ಒಂದು ತೊಡಕಿದೆ: ಗಾಳಿಗುಳ್ಳೆ ಉಳಿದರೆ ಅಲ್ಲಿಯೇ ಕುಸಿತ ಶುರುವಾಗುತ್ತದೆ, ಆದ್ದರಿಂದ ನಿರ್ವಾತದಲ್ಲಿಟ್ಟು ಗುಳ್ಳೆ ಎಳೆದು ತೆಗೆಯಬೇಕು. ಎಪಾಕ್ಸಿ ಬಿಸಿಗೆ ಹಿಗ್ಗುವಷ್ಟು ಬೋರ್ಡ್ ಹಿಗ್ಗುವುದಿಲ್ಲ. ಗೋದಾಮಿನಲ್ಲಿ ಬೇಸಿಗೆ, ಚಳಿ ಕಂಡು ಕಂಡು ಬೆಸುಗೆಗಳೇ ಸೀಳುತ್ತವೆ. ಅದಕ್ಕೇ ಎಪಾಕ್ಸಿಯಲ್ಲಿ ಗಾಜಿನ ಸೂಕ್ಷ್ಮ ಟೊಳ್ಳುಗುಂಡುಗಳನ್ನು ಬೆರೆಸುತ್ತಾರೆ, ತೂಕವೂ ಇಳಿಯುತ್ತದೆ, ಹಿಗ್ಗುವುದೂ ತಗ್ಗುತ್ತದೆ.

ಟ್ರಾನ್ಸಿಸ್ಟರ್ ಹುಟ್ಟುವ ಮೊದಲೇ ಇದನ್ನು ಸಾಧಿಸಿದ್ದರು ಎಂಬುದು ನಿಜಕ್ಕೂ ಬೆರಗಿನ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮರ್ಲ್ ಟ್ಯೂವ್ ನೇತೃತ್ವದ ತಂಡ, ಗುರಿಯ ಹತ್ತಿರ ಬಂದೊಡನೆ ಶೆಲ್ಲನ್ನು ತಾನೇ ಸಿಡಿಸುವ ರೇಡಿಯೊ ಫ್ಯೂಜ್ ಮಾಡಿತು. ಒಳಗಿದ್ದದ್ದು ಹಳೆ ರೇಡಿಯೊಗಳಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳು! ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳಿಗೆ ಆಮೇಲೆ ಯಾರ ಹೆಸರು ಬಂತೋ ಆ ಜೇಮ್ಸ್ ವ್ಯಾನ್ ಅಲೆನ್, ಆ ವಾಲ್ವ್‌ಗಳನ್ನು ಗಟ್ಟಿ ಮಾಡುವ ಕೆಲಸದಲ್ಲಿದ್ದರು. 1943ರ ಜನವರಿಯಲ್ಲಿ ಹೆಲೆನಾ ಎಂಬ ಅಮೆರಿಕದ ಯುದ್ಧನೌಕೆ ಈ ಫ್ಯೂಜ್ ಇರುವ ಶೆಲ್‌ಗಳಿಂದ ಜಪಾನಿನ ವಿಮಾನವೊಂದನ್ನು ಉರುಳಿಸಿತು. ಬ್ಯಾಟರಿಯ ಉಪಾಯವೂ ಆಗಿನದೇ: ದ್ರಾವಣ ಗಾಜಿನ ಸೀಸೆಯಲ್ಲಿ ಬೇರೆಯೇ ಇರುತ್ತದೆ, ಹೊಡೆತಕ್ಕೆ ಸೀಸೆ ಒಡೆಯುತ್ತದೆ, ತಿರುಗುವ ರಭಸಕ್ಕೆ ದ್ರಾವಣ ಫಲಕಗಳ ನಡುವೆ ಹರಡುತ್ತದೆ. ಹಾಗಾಗಿ ವರ್ಷಗಟ್ಟಲೆ ಗೋದಾಮಿನಲ್ಲಿದ್ದರೂ ಬ್ಯಾಟರಿ ಇಳಿಯುವುದಿಲ್ಲ.

ಪ್ರಶ್ನೆ: ನಳಿಗೆಯಿಂದ ಹೊರಟ ಮೇಲೆ ಜಾಮಿಂಗ್ ಶುರುವಾಗುವ ತನಕ ಏನೇನು ಆಗುತ್ತದೆ? ಎಲ್ಲಿ ಕೆಡುವ ಸಂಭವ ಹೆಚ್ಚು? — ಇ.ಸಿ. ವಿಭಾಗದ ವಿದ್ಯಾರ್ಥಿನಿ, ಹಾಸನ

ಇದು ಬೆಳಕಿನ ಶೆಲ್, ಹೊಗೆ ಶೆಲ್‌ಗಳ ಒಡಹುಟ್ಟು. ಮೂತಿಯಲ್ಲಿ ಸಮಯದ ಫ್ಯೂಜ್ ಇರುತ್ತದೆ. ಹೊತ್ತಾದಾಗ ಅದು ಸಣ್ಣ ಮದ್ದಿಗೆ ಕಿಡಿ ಕೊಡುತ್ತದೆ, ಆ ಒತ್ತಡಕ್ಕೆ ಶೆಲ್‌ನ ತಳದ ಬಿರಡೆ ಕಳಚಿ ಒಳಗಿನ ಸರಕು, ಅಂದರೆ ಜಾಮರ್, ಹಿಂದಿನಿಂದ ಜಾರಿ ಹೊರಬರುತ್ತದೆ. ಮುಂದಕ್ಕೆ ಓಡುತ್ತಿರುವ ಶೆಲ್‌ನಿಂದ ಹಿಂದಕ್ಕೆ ತಳ್ಳಿದ್ದರಿಂದ ಸರಕಿನ ವೇಗ ತುಸು ತಗ್ಗುತ್ತದೆ, ಆದರೆ ಸುತ್ತುವುದು ನಿಂತಿರುವುದಿಲ್ಲ.

ಕೆಡುವ ಮೊದಲ ಜಾಗ ಇದೇ. ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತಿರುವಾಗ ಪ್ಯಾರಾಚೂಟ್ ಬಿಚ್ಚಿದರೆ ಅದರ ಹಗ್ಗಗಳು ಹುರಿಗೊಂಡು ಬಟ್ಟೆ ಅರಳುವುದೇ ಇಲ್ಲ. ಆದ್ದರಿಂದ ಮೊದಲು ಗಾಳಿಗೆ ಅಡ್ಡ ನಿಲ್ಲುವ ರೆಕ್ಕೆಗಳು ಇಲ್ಲವೇ ಚಿಕ್ಕ ಪ್ಯಾರಾಚೂಟ್ ತೆರೆದು ಸುತ್ತನ್ನೂ ವೇಗವನ್ನೂ ಇಳಿಸಬೇಕು. ಆಮೇಲೆ ದೊಡ್ಡದು. ಅದರ ಹಗ್ಗ ಮತ್ತು ಸರಕಿನ ನಡುವೆ ತಿರುಗುವ ಕೊಂಡಿ ಇರಲೇಬೇಕು.

ಮುಂದೆ ಎರಡು ದಾರಿ. ಒಂದು, ಇಳಿಯುತ್ತಿರುವಾಗಲೇ ಗಾಳಿಯಲ್ಲಿ ಜಾಮ್ ಮಾಡುವುದು. ಅಮೆರಿಕದ 155 ಮಿ.ಮೀ. ಬೆಳಕಿನ ಶೆಲ್ ಒಂದು ಸುಮಾರು 600 ಮೀಟರ್ ಎತ್ತರದಲ್ಲಿ ತೆರೆದು, ಸೆಕೆಂಡಿಗೆ 5 ಮೀಟರಿನಂತೆ ಇಳಿದು, 2 ನಿಮಿಷ ಉರಿಯುತ್ತದೆ. ಅದೇ ಅಳತೆ ಇಟ್ಟುಕೊಂಡರೆ ಜಾಮರ್‌ಗೂ ಸಿಗುವುದು ಎರಡೇ ನಿಮಿಷ. ಎತ್ತರದಿಂದ ನೇರ ನೋಟ ಸಿಗುತ್ತದೆ, ಅಲೆ ನಾಲ್ಕನೇ ಘಾತದ ಬದಲು ವರ್ಗದಷ್ಟೇ ಕುಗ್ಗುತ್ತದೆ. ಒಂದು ದಾಳಿ ಶುರುವಾಗುವ ಹೊತ್ತಿಗೆ ಎದುರಾಳಿ ತನ್ನ ಫಿರಂಗಿಗಳನ್ನು ಕೂಗಿ ಕರೆಯದಂತೆ ತಡೆಯಲು ಎರಡು ನಿಮಿಷವೂ ದೊಡ್ಡದೇ. ಇನ್ನೊಂದು ದಾರಿ, ನೆಲ ಮುಟ್ಟಿದ ಮೇಲೆ ಕೆಲಸ ಶುರು ಮಾಡುವುದು. ಆಗ ಬ್ಯಾಟರಿ ಇರುವಷ್ಟು ಹೊತ್ತು ನಡೆಯುತ್ತದೆ.

ನೆಲದ್ದರಲ್ಲಿ ತೊಂದರೆ ಹೆಚ್ಚು. 30 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ 10 ಮೀಟರ್, ಅದರ ಕಾಲುಭಾಗದ ಆಂಟೆನಾ ಎಂದರೂ ಎರಡೂವರೆ ಮೀಟರ್ ಆಯಿತು. 88ರಲ್ಲಿ 85 ಸೆಂ.ಮೀ. ಸಾಕು. ಅಳತೆ ಟೇಪಿನಂತೆ ಸುತ್ತಿಟ್ಟ ಸ್ಪ್ರಿಂಗ್ ಪಟ್ಟಿ ಚಿಮ್ಮಿ ನಿಲ್ಲಬೇಕು. ಸರಕು ಓರೆಯಾಗಿ ನೆಟ್ಟರೆ ಪಟ್ಟಿ ನೆಲಕ್ಕೊರಗುತ್ತದೆ, ಹಸಿ ಮಣ್ಣು ಶಕ್ತಿಯನ್ನೆಲ್ಲ ಕುಡಿಯುತ್ತದೆ. ಗದ್ದೆಯ ಕೆಸರಿಗೆ ಬಿದ್ದರೆ ಪೂರ್ತಿ ಹೂತೇಹೋಗುತ್ತದೆ. ಬಂಡೆಗೆ ಬಿದ್ದರೆ ಪುಟಿದು ಆಂಟೆನಾ ಮುರಿಯುತ್ತದೆ. ಒಂದೇ ಆಂಟೆನಾ ಇಡೀ ಬ್ಯಾಂಡಿಗೆ ಹೊಂದುವುದಿಲ್ಲವಾದ್ದರಿಂದ, ಬ್ಯಾಂಡನ್ನು ಹೋಳು ಮಾಡಿ ಒಂದೊಂದು ಶೆಲ್‌ಗೆ ಒಂದೊಂದು ಹೋಳು ಕೊಡುವುದು ಜಾಣತನ.

ಇನ್ನು ಗುರಿಯ ಮಾತು. ಶೆಲ್ ಸೆಕೆಂಡಿಗೆ 300 ಮೀಟರ್ ವೇಗದಲ್ಲಿದ್ದಾಗ ಫ್ಯೂಜ್ ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೆ 30 ಮೀಟರ್ ಆಚೀಚೆ. ಅದು ನಡೆಯುತ್ತದೆ. ಪ್ಯಾರಾಚೂಟ್ 2 ನಿಮಿಷ ತೇಲುವಾಗ ಸೆಕೆಂಡಿಗೆ 5 ಮೀಟರ್ ಗಾಳಿ ಬೀಸಿದರೆ 600 ಮೀಟರ್ ಜರಗುತ್ತದೆ. ಅದು ನಡೆಯುವುದಿಲ್ಲ, ಮೊದಲ ಉತ್ತರದ ಲೆಕ್ಕ ನೋಡಿದರೆ ಕಾರಣ ಗೊತ್ತಾಗುತ್ತದೆ. ಗಾಳಿಯ ಲೆಕ್ಕ ಹಿಡಿದು ಅಷ್ಟು ಮುಂಚೆಯೇ ತೆರೆಯಬೇಕು. ಖಾಲಿಯಾದ ಶೆಲ್‌ನ ಕವಚವೂ ಅಲ್ಲೇ ಮಾಯವಾಗುವುದಿಲ್ಲ, ಅಷ್ಟು ತೂಕದ ಉಕ್ಕು ಮುಂದೆ ಹೋಗಿ ಎಲ್ಲೋ ಬೀಳುತ್ತದೆ. ಅಲ್ಲಿ ನಮ್ಮವರು, ಊರಿನವರು ಇರಬಾರದು.

ಪ್ರಶ್ನೆ: ಇಂಥ ಶೆಲ್ ನಿಜವಾಗಿ ಇದೆಯೇ, ಬರೀ ಕಾಗದದ ಮೇಲಿನದೇ? — ಓದುಗರು, ಚನ್ನರಾಯಪಟ್ಟಣ

ಇದೆ. ರಷ್ಯಾದ 152 ಮಿ.ಮೀ. ಮ್ಸ್ತಾ ಫಿರಂಗಿಯ ಮದ್ದುಗುಂಡುಗಳ ಪಟ್ಟಿಯಲ್ಲಿ ಜಾಮರ್ ಶೆಲ್ ಇದೆ. ಅಮೆರಿಕವೂ ಎಕ್ಸ್.ಎಂ. 867 ಎಂಬ ಹೆಸರಿನಲ್ಲಿ 155 ಮಿ.ಮೀ. ಜಾಮರ್ ಶೆಲ್ ರೂಪಿಸಿತ್ತು.

ಪ್ರಶ್ನೆ: ರೇಡಿಯೊಗೆ ಅಡ್ಡಿ ಮಾಡುವ ಯುದ್ಧತಂತ್ರ ಶುರುವಾದದ್ದು ಯಾವಾಗ? — ಪದವಿ ವಿದ್ಯಾರ್ಥಿ, ಬೇಲೂರು

ರಷ್ಯಾ–ಜಪಾನ್ ಯುದ್ಧದಲ್ಲಿ, 1904ರ ಏಪ್ರಿಲ್ 15ರಂದು. ಜಪಾನಿನ ಕಸುಗಾ, ನಿಶ್ಶಿನ್ ಹಡಗುಗಳು ಗುಡ್ಡದ ಮರೆಯಿಂದ ಪೋರ್ಟ್ ಆರ್ಥರ್ ಬಂದರಿನ ಮೇಲೆ ಗುಂಡು ಹಾರಿಸುತ್ತಿದ್ದವು. ಗುಂಡು ಎಲ್ಲಿ ಬಿತ್ತೆಂದು ಬೇರೆ ಹಡಗುಗಳು ವೈರ್‌ಲೆಸ್ಸಿನಲ್ಲಿ ತಿಳಿಸಿ ಗುರಿ ತಿದ್ದುತ್ತಿದ್ದವು. ರಷ್ಯನ್ನರ ಪೊಬೆದಾ ಹಡಗು ಮತ್ತು ದಡದ ಮೇಲಿನ ವೈರ್‌ಲೆಸ್ ಠಾಣೆ ಕಿಡಿ ಹಾರಿಸಿ ರೇಡಿಯೊ ಅಲೆ ಹುಟ್ಟಿಸುವ ತಮ್ಮ ಕಿಡಿ ಟ್ರಾನ್ಸ್‌ಮಿಟರ್ ಒತ್ತಿ ಹಿಡಿದು ಆ ಸಂದೇಶಗಳನ್ನು ಕೆಡಿಸಿದವು. ಗಮನಿಸಿ, ಕೆಡಿಸಿದ್ದು ಗುಂಡನ್ನಲ್ಲ, ಗುಂಡು ತಿದ್ದುವ ಮಾತನ್ನು. ನೂರಿಪ್ಪತ್ತು ವರ್ಷದ ಮೇಲೂ ಜಾಮರ್ ಶೆಲ್‌ನ ಮೊದಲ ಗುರಿ ಅದೇ: ಫಿರಂಗಿಗೆ ದಾರಿ ತೋರುವ ವೀಕ್ಷಕನ ರೇಡಿಯೊ. ರಷ್ಯಾದಲ್ಲಿ ಏಪ್ರಿಲ್ 15 ಈಗಲೂ ಎಲೆಕ್ಟ್ರಾನಿಕ್ ಯುದ್ಧ ಪರಿಣತರ ದಿನ.

ಪ್ರಶ್ನೆ: ಫ್ರೀಕ್ವೆನ್ಸಿ ಹಾಪಿಂಗ್ ಬಂದ ಮೇಲೆ ಜಾಮರ್‌ಗೆ ಬೆಲೆ ಉಂಟೇ? ಜಾಮ್ ಆಗಿದೆ ಎಂದು ಆಪರೇಟರ್ ತಿಳಿಯುವುದು ಹೇಗೆ? — ಮಾಜಿ ಸೈನಿಕರು, ಕಡೂರು

ಉಂಟು, ಆದರೆ ದುಬಾರಿಯಾಗಿದೆ. ಹಾಪಿಂಗ್ ಸೆಟ್ ಒಂದು ಚಾನೆಲ್‌ನಲ್ಲಿ ನಿಲ್ಲದೆ, ಎರಡೂ ಕಡೆ ಗೊತ್ತಿರುವ ಗುಟ್ಟಿನ ಕ್ರಮದಲ್ಲಿ ಜಿಗಿಯುತ್ತಿರುತ್ತದೆ. ಅಮೆರಿಕದ ಸಿಂಕ್‌ಗಾರ್ಸ್ ಸೆಟ್ ಸೆಕೆಂಡಿಗೆ 111 ಬಾರಿ ಜಿಗಿಯುತ್ತದೆ. ನಮ್ಮಲ್ಲಿ ಬಿ.ಇ.ಎಲ್. ತಯಾರಿಸುವ ಸ್ಟಾರ್ಸ್-ವಿ ಸೆಟ್‌ಗಳಲ್ಲೂ ಹಾಪಿಂಗ್ ಇದೆ. ಒಂದೇ ಚಾನೆಲ್ ಹಿಡಿದು ಕೂತ ಜಾಮರ್ ಇದರ ಮುಂದೆ ನಿಷ್ಪ್ರಯೋಜಕ. ಇಡೀ ಬ್ಯಾಂಡಿಗೆ ಗದ್ದಲ ಹರಡುವ ಜಾಮರ್‌ಗೆ ಜಿಗಿತದಿಂದ ಏನೂ ಆಗುವುದಿಲ್ಲ, ಎಲ್ಲಿಗೆ ಜಿಗಿದರೂ ಅಲ್ಲಿ ಗದ್ದಲ ಇದೆ. ಆದರೆ ಅದರ ಬಲ 2320 ಪಾಲಾಗಿ ತೆಳುವಾಗಿರುತ್ತದೆ. ತೆಳುವಾದ ಬಲ ಸಾಲಬೇಕಾದರೆ ತೀರ ಹತ್ತಿರ ಇರಬೇಕು. ಹಾಪಿಂಗ್ ಕಾಲದಲ್ಲೂ ಶೆಲ್ ಎಂಬ ಯೋಚನೆ ಸಾಯದೇ ಇರಲು ಇದೇ ಕಾರಣ.

ಆಪರೇಟರ್ ಮಾಡಬೇಕಾದ ಮೊದಲ ಪರೀಕ್ಷೆ ಆಂಟೆನಾ ಕಳಚುವುದು. ಗದ್ದಲ ನಿಂತರೆ ಅದು ಹೊರಗಿನದು, ನಿಲ್ಲದಿದ್ದರೆ ಸೆಟ್ಟಿನದೇ ದೋಷ. ಹೊರಗಿನದಾದರೆ ಸೆಟ್ಟನ್ನು ಹತ್ತಿಪ್ಪತ್ತು ಮೀಟರ್ ಆಚೆ ಒಯ್ದು, ದಿಬ್ಬವನ್ನೋ ಗೋಡೆಯನ್ನೋ ಮರೆ ಮಾಡಿಕೊಂಡು ಮತ್ತೆ ಕೇಳಬೇಕು. ಜಾಮರ್ ಹತ್ತಿರವಿದ್ದಷ್ಟೂ ಈ ಮರೆಯ ಫಲ ದೊಡ್ಡದು. ದಿಕ್ಕಿನ ಆಂಟೆನಾ ಇದ್ದರೆ ತಮ್ಮವರ ಕಡೆ ತಿರುಗಿಸುವುದಕ್ಕಿಂತ, ಅದರ ಕುರುಡು ಬದಿಯನ್ನು ಜಾಮರ್ ಕಡೆ ತಿರುಗಿಸಿದರೆ ಹೆಚ್ಚು ಲಾಭ. ಮಾತು ಚುಟುಕಾಗಬೇಕು, ಪದಗಳನ್ನು ಎರಡೆರಡು ಸಲ ಹೇಳಬೇಕು. ಮೊದಲೇ ಗೊತ್ತುಮಾಡಿಕೊಂಡ ಬದಲಿ ಚಾನೆಲ್‌ಗೆ ಸದ್ದಿಲ್ಲದೆ ಹೋಗಬೇಕು. “ಜಾಮ್ ಆಗಿದೆ, ಏನೂ ಕೇಳುತ್ತಿಲ್ಲ” ಎಂದು ರೇಡಿಯೊದಲ್ಲೇ ಹೇಳುವುದು ದೊಡ್ಡ ತಪ್ಪು. ಹಾರಿಸಿದವನಿಗೆ ತನ್ನ ಶೆಲ್ ಸರಿಯಾದ ಕಡೆ ಬಿದ್ದಿದೆಯೇ ಎಂದು ತಿಳಿಯಲು ಬೇರೆ ದಾರಿ ಕಡಿಮೆ. ಆ ಉತ್ತರವನ್ನು ನಾವೇ ಕೊಟ್ಟಂತಾಗುತ್ತದೆ. ಹೊತ್ತು, ಚಾನೆಲ್, ಗದ್ದಲದ ಬಗೆ ಇವನ್ನು ಬರೆದಿಟ್ಟು ತಂತಿಯ ಫೋನಿನಲ್ಲಿ ಮೇಲಿನವರಿಗೆ ತಿಳಿಸಬೇಕು.

ಜಾಮರ್‌ನದ್ದೂ ಒಂದು ದೌರ್ಬಲ್ಯ ಇದೆ. ಅದು ಕೂಗುತ್ತಲೇ ಇರುವುದರಿಂದ ದಿಕ್ಕು ಪತ್ತೆ ಮಾಡುವ ಆಂಟೆನಾ ಹಿಡಿದವರು ಬೇಗ ಅದರ ಬುಡಕ್ಕೇ ಬರುತ್ತಾರೆ. ಹಾರಿಸಿದವರಿಗೂ ತೊಂದರೆ ತಪ್ಪಿದ್ದಲ್ಲ: ಅವರ ಪಡೆ ಮುನ್ನುಗ್ಗಿ ಆ ಜಾಗಕ್ಕೆ ಬಂದಾಗ, ಬ್ಯಾಟರಿ ಮುಗಿಯದ ಜಾಮರ್ ಅವರ ಸೆಟ್‌ಗಳನ್ನೂ ಮುಚ್ಚುತ್ತದೆ. ಆದ್ದರಿಂದ ಬ್ಯಾಟರಿ ಎಷ್ಟು ಹೊತ್ತು ಇರಬೇಕೆಂಬುದನ್ನು ದಾಳಿಯ ಹೊತ್ತುಗೊತ್ತಿನ ಜೊತೆ ಕೂಡಿಸಿಯೇ ನಿರ್ಧರಿಸಬೇಕು.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ದಿಣ್ಣೆಯ ಮೇಲೆ ಹಿಡಿಯುವ ವಾಕಿಟಾಕಿ ಹಳ್ಳದಲ್ಲಿ ಹಿಡಿಯುವುದಿಲ್ಲ. ಇಂಥ ಕಡೆ ಜಾಮರ್ ಶೆಲ್ ಏನು ಮಾಡೀತು? — ಬೆಳೆಗಾರರು, ಸಕಲೇಶಪುರ

ನಿಮ್ಮ ವಾಕಿಟಾಕಿಗೆ ಆಗುವುದೇ ಅದಕ್ಕೂ ಆಗುತ್ತದೆ. ಆಂಟೆನಾ ಎತ್ತರವನ್ನು ಮೀಟರಿನಲ್ಲಿ ಹಿಡಿದು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಬಯಲಿನಲ್ಲಿ ರೇಡಿಯೊ ದಿಗಂತದ ದೂರ ಕಿ.ಮೀ.ನಲ್ಲಿ ಸಿಗುತ್ತದೆ. ಅರ್ಧ ಮೀಟರ್ ಎತ್ತರದ ಆಂಟೆನಾಗೆ 3 ಕಿ.ಮೀ. ಒಳಗೆ, ಕೈಯಲ್ಲಿ ಹಿಡಿದ ಸೆಟ್ಟಿಗೆ 5, ನೂರು ಮೀಟರ್ ದಿಣ್ಣೆಗೆ 41. ಮಲೆನಾಡಿನಲ್ಲಿ ದಿಗಂತಕ್ಕಿಂತ ಮೊದಲೇ ಗುಡ್ಡ ಅಡ್ಡ ಬರುತ್ತದೆ. ಮುಳ್ಳಯ್ಯನಗಿರಿಯ ಒಂದು ಮಗ್ಗುಲಲ್ಲಿ ಬಿದ್ದ ಜಾಮರ್ ಇನ್ನೊಂದು ಮಗ್ಗುಲಿನ ಕಣಿವೆಯನ್ನು ಮುಟ್ಟುವುದು ಬಹಳ ಕಷ್ಟ. ಒದ್ದೆ ಎಲೆಗಳ ಕಾಡು ಇನ್ನಷ್ಟು ನುಂಗುತ್ತದೆ, ಫ್ರೀಕ್ವೆನ್ಸಿ ಏರಿದಷ್ಟೂ ಹೆಚ್ಚು. ಅದಕ್ಕೇ ಮಳೆಗಾಲದಲ್ಲಿ, ಸಿಲ್ವರ್ ಓಕ್ ನೆರಳಿನಡಿ ನಿಮ್ಮ ಸೆಟ್ ಇನ್ನೂ ಮಂಕಾಗುವುದು.

ತೋಟಕ್ಕೆ ನಮ್ಮ ಸಲಹೆ: ಹೆಚ್ಚು ವ್ಯಾಟಿನ ಸೆಟ್ ಹುಡುಕಬೇಡಿ. ಬಲ ಇಮ್ಮಡಿ ಮಾಡಿದರೂ ಹಳ್ಳದಲ್ಲಿ ಗೊತ್ತೇ ಆಗುವುದಿಲ್ಲ. ಎರಡೂ ಹಳ್ಳ ಕಾಣುವ ದಿಣ್ಣೆಯ ಮೇಲೆ ರೈಟರನ್ನೋ ಮೇಸ್ತ್ರಿಯನ್ನೋ ನಿಲ್ಲಿಸಿ, ಅವರ ಮೂಲಕ ಮಾತು ದಾಟಿಸಿ. ಆನೆ ಬಂದ ಸುದ್ದಿ ಮುಟ್ಟಿಸಲು ಇದು ಎಲ್ಲಕ್ಕಿಂತ ಖಾತ್ರಿ. ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 446.0ರಿಂದ 446.2 ಮೆಗಾಹರ್ಟ್ಜ್‌ನ ಕಡಿಮೆ ಬಲದ ಸೆಟ್‌ಗಳು ಮತ್ತು 27 ಮೆಗಾಹರ್ಟ್ಜ್ ಸುತ್ತಲಿನ 5 ವ್ಯಾಟ್ ಒಳಗಿನ ಸಿಟಿಜನ್ ಬ್ಯಾಂಡ್ ಸೆಟ್‌ಗಳು. ಕೊಳ್ಳುವಾಗ ಆ ಮಾದರಿಯ ಸೆಟ್ಟಿಗೆ ಸರಕಾರ ಕೊಡುವ ಇ.ಟಿ.ಎ. ಎಂಬ ಒಪ್ಪಿಗೆ ಇದೆಯೇ ನೋಡಿ.

ಪ್ರಶ್ನೆ: ಹಾಸನದ ಎಂ.ಸಿ.ಎಫ್.ನ ದೊಡ್ಡ ಡಿಶ್‌ಗಳಿಗೆ ಇಂಥ ಜಾಮರ್‌ನಿಂದ ಅಪಾಯ ಇದೆಯೇ? — ಪಿ.ಯು. ವಿದ್ಯಾರ್ಥಿ, ಹೊಳೆನರಸೀಪುರ

ಇಸ್ರೋದ ಈ ಕೇಂದ್ರ 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಇಲ್ಲಿಂದ ಹೋಗುವ ಆದೇಶವನ್ನು ಕೇಳುವ ರಿಸೀವರ್ ಇರುವುದು ಸುಮಾರು 36 ಸಾವಿರ ಕಿ.ಮೀ. ಮೇಲೆ, ಉಪಗ್ರಹದಲ್ಲಿ. ನೆಲದಲ್ಲಿ ಬಿದ್ದ ಒಂದೆರಡು ವ್ಯಾಟಿನ ಪೆಟ್ಟಿಗೆ ಅದಕ್ಕೆ ಏನೂ ಅಲ್ಲ. ಕೆಳಗೆ ಬರುವ ಸಂಕೇತವನ್ನು ಹಿಡಿಯುವ ಡಿಶ್ ಆಕಾಶದ ಒಂದೇ ಬಿಂದುವನ್ನು ನೋಡುತ್ತಿರುತ್ತದೆ, ಪಕ್ಕದಿಂದ ಬಂದದ್ದನ್ನು ಬಹುಪಾಲು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬ್ಯಾಂಡೂ ಬೇರೆ.

ಜಿ.ಪಿ.ಎಸ್. ಮಾತು ಬೇರೆ. 20,200 ಕಿ.ಮೀ. ಮೇಲಿನಿಂದ ನಿಮ್ಮ ಮೊಬೈಲಿಗೆ ಮುಟ್ಟುವ ಅದರ ಬಲ ಒಂದು ವ್ಯಾಟಿನ ಸಾವಿರ ಕೋಟಿಯಲ್ಲೊಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದಷ್ಟು, ಮೊಬೈಲಿನ ಆಂಟೆನಾ ಎಲ್ಲ ದಿಕ್ಕಿಗೂ ತೆರೆದೇ ಇರುತ್ತದೆ. ಉಕ್ರೇನ್ ಯುದ್ಧದಲ್ಲಿ ಜಿ.ಪಿ.ಎಸ್. ನಂಬಿದ ಎಕ್ಸ್‌ಕ್ಯಾಲಿಬರ್ ಶೆಲ್‌ಗಳ ಗುರಿ ಜಾಮಿಂಗ್‌ನಿಂದ ಕೆಟ್ಟದ್ದು ಇದಕ್ಕೇ. ಅಲ್ಲಿ ಈಗ ಕೆಲವು ಡ್ರೋನ್‌ಗಳು ರೇಡಿಯೊವನ್ನೇ ಬಿಟ್ಟು ಆಪ್ಟಿಕಲ್ ಫೈಬರ್ ಎಳೆ ಬಿಚ್ಚಿಕೊಂಡು ಹಾರುತ್ತಿವೆ. ಎಳೆಯೊಳಗಿನ ಬೆಳಕಿಗೆ ಜಾಮರ್ ತಟ್ಟುವುದಿಲ್ಲ.

ಪ್ರಶ್ನೆ: ಕೊನೆ ವರ್ಷದ ಪ್ರಾಜೆಕ್ಟಿಗೆ ಚಿಕ್ಕ ಜಾಮರ್ ಮಾಡಬೇಕೆಂದಿದ್ದೇವೆ. ಸರ್ಕ್ಯೂಟ್ ಕೊಡುತ್ತೀರಾ? — ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಚಿಕ್ಕಮಗಳೂರು

ಕೊಡುವುದಿಲ್ಲ, ನೀವೂ ಮಾಡಬೇಡಿ. ನಮ್ಮ ದೇಶದಲ್ಲಿ ಖಾಸಗಿಯವರು ಜಾಮರ್ ಕೊಳ್ಳುವಂತಿಲ್ಲ, ಬಳಸುವಂತಿಲ್ಲ. ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲೂ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಕಾಲೇಜಿನ ಮೂಲೆಯಲ್ಲಿ ನೀವು ಒತ್ತಿದ ಗುಂಡಿ ಯಾರದೋ ಆಂಬ್ಯುಲೆನ್ಸ್ ಕರೆಯನ್ನು ತಡೆಯಬಹುದು.

ಇದೇ ವಿಷಯದ ಮೇಲೆ ಒಳ್ಳೆಯ ಪ್ರಾಜೆಕ್ಟುಗಳಿವೆ. ಕಂಪ್ಯೂಟರಿನೊಳಗೇ ಗ್ನು ರೇಡಿಯೊ ಎಂಬ ಸಾಫ್ಟ್‌ವೇರ್ ಬಳಸಿ ಎಫ್.ಎಂ. ಅಲೆಯೊಂದಕ್ಕೆ ಗದ್ದಲ ಬೆರೆಸಿ, ಯಾವ ಅನುಪಾತದಲ್ಲಿ ಮಾತು ಅಳಿಸುತ್ತದೆಂದು ಅಳೆಯಿರಿ. ಗಾಳಿಗೆ ಏನೂ ಹೋಗುವುದಿಲ್ಲ. ಇಲ್ಲವೇ ಪೆಟ್ಟು ತಾಳುವ ಬೋರ್ಡ್ ಮಾಡಿ. 1 ಮೀಟರ್ ಮೇಲಿನಿಂದ ಬಿಟ್ಟ ವಸ್ತು 1 ಮಿ.ಮೀ.ನಲ್ಲಿ ನಿಂತರೆ ಪೆಟ್ಟು ಗುರುತ್ವದ ಸಾವಿರ ಪಟ್ಟು. ನೆಟ್ಟಗೆ ಜಾರುವ ಕಂಬಿ, ಉಕ್ಕಿನ ಪೆಟ್ಟಿಗೆ, ಕೆಳಗೆ ಸೀಸದ ಹಾಳೆ ಇದ್ದರೆ ಸಾಕು. ಸೀಸದ ತಗ್ಗಿನ ಆಳ ಅಳೆದರೆ ಪೆಟ್ಟಿನ ಲೆಕ್ಕ ಸಿಗುತ್ತದೆ. ಎಪಾಕ್ಸಿ ಎರೆದ ಬೋರ್ಡು, ಎರೆಯದ ಬೋರ್ಡು ಎರಡನ್ನೂ ಬೀಳಿಸಿ ಕ್ರಿಸ್ಟಲ್‌ನ ಫ್ರೀಕ್ವೆನ್ಸಿ ಎಷ್ಟು ಜರಗಿತೆಂದು ಬರೆದಿಡಿ. ರೇಡಿಯೊ ಹುಚ್ಚು ನಿಜವಾಗಿ ಇದ್ದರೆ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಬರೆಯಿರಿ, 12 ವರ್ಷ ತುಂಬಿದ ಯಾರೂ ಬರೆಯಬಹುದು. ಅಡಗಿಸಿಟ್ಟ ಟ್ರಾನ್ಸ್‌ಮಿಟರನ್ನು ದಿಕ್ಕಿನ ಆಂಟೆನಾದಿಂದ ಹುಡುಕುವ ಹ್ಯಾಮ್‌ಗಳ ಆಟ, ಜಾಮರ್ ಪತ್ತೆಗೆ ಬೇಕಾದ ವಿದ್ಯೆಯೇ.

ಪ್ರಶ್ನೆ: ಟವರ್ ಸಿಗ್ನಲ್ ಕಡಿಮೆ ಎಂದು ಮನೆಗೆ ಮೊಬೈಲ್ ಬೂಸ್ಟರ್ ಹಾಕಿಸಿದೆವು. ಆಮೇಲೆ ಅಕ್ಕಪಕ್ಕದವರ ಫೋನ್ ಹದಗೆಟ್ಟಿದೆ. ಸಂಬಂಧ ಇದೆಯೇ? — ಗೃಹಿಣಿ, ಕೊಪ್ಪ

ಇದೆ. ಒಳಗಿನ ಆಂಟೆನಾದ ಅಲೆ ಹೊರಗಿನದಕ್ಕೆ ಸೋರಿ ಮತ್ತೆ ಮತ್ತೆ ವರ್ಧಿಸಿಕೊಂಡು ಬೂಸ್ಟರ್ ಊಳಿಡುತ್ತಿರಬಹುದು. ಆಗ ಅದು ಪೂರ್ತಿ ಒಂದು ಜಾಮರ್. ಕೇಳಲು ಕೂತಿರುವ ಟವರ್‌ನ ರಿಸೀವರ್‌ನಲ್ಲೇ ಗದ್ದಲ ಏರುವುದರಿಂದ ಆ ಟವರಿನ ಎಲ್ಲರಿಗೂ ತೊಂದರೆ. ಪರವಾನಗಿ ಇಲ್ಲದ ಬೂಸ್ಟರ್ ಕಾನೂನುಬಾಹಿರವೂ ಹೌದು. ಇವತ್ತೇ ಆರಿಸಿಬಿಡಿ. ಬ್ರಾಡ್‌ಬ್ಯಾಂಡ್ ಇದ್ದರೆ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ.

ಪ್ರಶ್ನೆ: ಸೋಲಾರ್ ಬೇಲಿ ಹಾಕಿಸಿದ ಮೇಲೆ ರೇಡಿಯೊದಲ್ಲಿ ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುತ್ತದೆ. ಇದೂ ಜಾಮಿಂಗೇ? — ಕೃಷಿಕರು, ಮೂಡಿಗೆರೆ

ಉದ್ದೇಶ ಇಲ್ಲದಿದ್ದರೂ ಕೆಲಸ ಅದೇ. ಬೇಲಿಯ ಎನರ್ಜೈಸರ್ ಸುಮಾರು ಸೆಕೆಂಡಿಗೊಂದು ಹೈವೋಲ್ಟೇಜ್ ಮಿಡಿತ ಬಿಡುತ್ತದೆ. ಬೇಲಿ ಸರಿಯಿದ್ದರೆ ರೇಡಿಯೊಗೆ ಅದು ಅಷ್ಟಾಗಿ ಕೇಳಿಸಬಾರದು. ಕೇಳಿಸುತ್ತಿದೆ ಎಂದರೆ ಎಲ್ಲೋ ಕಿಡಿ ಹಾರುತ್ತಿದೆ, ಆ ಕಿಡಿ 1904ರ ಕಿಡಿ ಟ್ರಾನ್ಸ್‌ಮಿಟರಿನಂತೆಯೇ ಎಲ್ಲ ಬ್ಯಾಂಡಿಗೂ ಗದ್ದಲ ಚೆಲ್ಲುತ್ತದೆ, ಮೈಲುಗಟ್ಟಲೆ ತಂತಿ ಅದಕ್ಕೆ ಆಂಟೆನಾ. ರೇಡಿಯೊಗಿಂತ ಮುಖ್ಯವಾಗಿ, ಕಿಡಿ ಹಾರುವ ಬೇಲಿಯಲ್ಲಿ ಆನೆಗೆ ತಟ್ಟುವ ಶಾಕ್ ಕುಗ್ಗಿರುತ್ತದೆ.

ಬ್ಯಾಟರಿ ಸೆಲ್ ಹಾಕುವ ಸಣ್ಣ ರೇಡಿಯೊ ತೆಗೆದುಕೊಳ್ಳಿ. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ, ಬೇಲಿಗುಂಟ ನಡೆಯಿರಿ, ತಂತಿ ಮುಟ್ಟಬೇಡಿ. ಟಕ್ ಸದ್ದು ಏರುತ್ತಾ ಹೋಗಿ ಮತ್ತೆ ಇಳಿಯುವ ಜಾಗದಲ್ಲಿ ನಿಂತು ನೋಡಿ. ಸಂಜೆಗತ್ತಲಾದರೆ ಕಿಡಿ ಕಣ್ಣಿಗೂ ಕಾಣುತ್ತದೆ. ಸಾಮಾನ್ಯವಾಗಿ ಸಿಗುವುದು ತಂತಿಗೆ ತಾಗಿದ ಕಳೆ, ಸೀಳಿದ ಇನ್ಸುಲೇಟರ್, ಅಥವಾ ಬರೀ ಸುತ್ತಿ ಬಿಟ್ಟ ಜೋಡಣೆ. ಎನರ್ಜೈಸರ್ ಆರಿಸಿ ಕಳೆ ಸವರಿ, ಇನ್ಸುಲೇಟರ್ ಬದಲಿಸಿ, ಜೋಡಣೆಯ ತುಕ್ಕು ಉಜ್ಜಿ ತೆಗೆದು ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ. ಅರ್ತಿಂಗ್‌ಗೆ ಒಂದೇ ಸಲಾಕೆ ಹೊಡೆದಿದ್ದರೆ ಸಾಲದು. ಆರು ಅಡಿಯ ಮೂರು ಜಿ.ಐ. ಸಲಾಕೆಗಳನ್ನು ಹತ್ತು ಅಡಿಗೊಂದರಂತೆ ಹೊಡೆದು ಒಂದೇ ತಂತಿಯಿಂದ ಕೂಡಿಸಿ. ಇಷ್ಟೂ ಆದ ಮೇಲೆ ಮತ್ತೆ ಎನರ್ಜೈಸರ್ ಹಾಕಿ, ಅದೇ ರೇಡಿಯೊ ಹಿಡಿದು ಇನ್ನೊಂದು ಸುತ್ತು ಬನ್ನಿ. ಒಂದು ಕಿಡಿ ನಿಂತರೆ ವೋಲ್ಟೇಜ್ ಏರಿ, ಅಲ್ಲಿಯ ತನಕ ಸುಮ್ಮನಿದ್ದ ಇನ್ನೊಂದು ದುರ್ಬಲ ಇನ್ಸುಲೇಟರ್ ಕಿಡಿ ಕಾರಲು ಶುರು ಮಾಡುವುದುಂಟು.